ಯಾರ ದನಿ ಊರಿನ ದನಿ?

‘ಕಳೆದ ಸಂಚಿಕೆಯಲ್ಲಿ ಕೆರಿಬಿಯನ್ ದೇಶ ಹೈಟಿಯ ಮಹಿಳೆಯರ ಬಗೆಗಿನ ಲೇಖನ ಓದಿದೆ. ತಕರಾರುಗಳಿವೆ. ಮೊದಲ ಸಾಲಿನಲ್ಲೇ “ಪಶ್ಚಿಮ ಗೋಳಾರ್ಧದ ಅತಿ ಬಡ ದೇಶ” ಎಂದಿದ್ದೀರಿ, ಯಾಕೆ ಬಡವಾಯಿತು ಎಂದು ಕೊನೆಯವರೆಗೂ ಹೇಳಲಿಲ್ಲ. ಕ್ರಾಂತಿಯ ಭಾಗದಲ್ಲಿ ಹೆಂಗಸರ ಕೈಗೆ ಸೂಜಿ, ಸೌಟು ಬಿಟ್ಟರೆ ಬೇರೇನೂ ಕೊಟ್ಟಿಲ್ಲ. ಎಲ್ಲಕ್ಕಿಂತ ದೊಡ್ಡದು: ನೀವು ಉದ್ಧರಿಸಿದ ಬರಹಗಾರ್ತಿಯರೆಲ್ಲ ನ್ಯೂಯಾರ್ಕು, ಮಾಂಟ್ರಿಯಲ್ಲಿನವರು. ಊರು ಬಿಟ್ಟವರ ಮಾತು ಊರಿನ ಮಾತು ಹೇಗಾದೀತು? ಕೊನೆಗೊಂದು ಚಿಕ್ಕದು: ಹೈಟಿ ಅಂತ ಬರೆಯುವುದು ಸರಿಯೇ?’

– ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ನಾಲ್ಕು ಪುಟದ ಪತ್ರದಿಂದ

ಮೇಷ್ಟ್ರೇ, ನಮಸ್ಕಾರ.

ಪತ್ರದ ಜೊತೆ ನಮ್ಮ ಲೇಖನದ ಪುಟವನ್ನೇ ಕತ್ತರಿಸಿ, ಕೆಂಪು ಶಾಯಿಯಲ್ಲಿ ಕಾಗುಣಿತ ತಿದ್ದಿ ಕಳಿಸಿದ್ದೀರಿ. ಏಳು ತಪ್ಪಿಗೂ ನಾವೇ ಹೊಣೆ. ಕರಡು ತಿದ್ದುವವರ ಮೇಜಿನ ಎದುರು ಅದನ್ನು ಅಂಟಿಸಿದ್ದೇವೆ.

‘ಅತಿ ಬಡ ದೇಶ’ದ ವಿಷಯದಲ್ಲಿ ವಾದ ಮಾಡಲು ನನ್ನ ಬಳಿ ಏನೂ ಇಲ್ಲ. ಸುದ್ದಿಸಂಸ್ಥೆಗಳು ಆ ದೇಶಕ್ಕೆ ಅದನ್ನು ಮನೆತನದ ಹೆಸರಿನ ಹಾಗೆ ಅಂಟಿಸಿಬಿಟ್ಟಿವೆ, ನಾವೂ ನೋಡದೆ ಎತ್ತಿಕೊಂಡೆವು. ಹೇಳಬೇಕಿದ್ದದ್ದು ಇದು. ಗುಲಾಮರೇ ಎದ್ದು ಫ್ರಾನ್ಸಿನ ಸೈನ್ಯವನ್ನು ಸೋಲಿಸಿ 1804ರ ಜನವರಿ 1ರಂದು ಸ್ವಾತಂತ್ರ್ಯ ಸಾರಿದರು. ಇಪ್ಪತ್ತೊಂದು ವರ್ಷದ ಮೇಲೆ, 1825ರಲ್ಲಿ, ಫ್ರೆಂಚ್ ದೊರೆ ಹತ್ತನೇ ಚಾರ್ಲ್ಸ್ ಬಂದರಿಗೆ ಯುದ್ಧನೌಕೆ ಕಳಿಸಿ 15 ಕೋಟಿ ಫ್ರಾಂಕ್ ಕೇಳಿದ. ತಮ್ಮವರು ಕಳೆದುಕೊಂಡ ಆಸ್ತಿಗೆ ಪರಿಹಾರವಂತೆ. ಆ ಆಸ್ತಿಯ ಲೆಕ್ಕದಲ್ಲಿ ತೋಟದ ಜೊತೆ ಬಿಡುಗಡೆ ಪಡೆದ ಮನುಷ್ಯರೂ ಸೇರಿದ್ದರು. ಜೀತ ಬಿಟ್ಟು ಹೋದವನ ಮನೆಗೆ ಧಣಿ ಚೀಟಿ ಕಳಿಸಿದ ಹಾಗೆ. ಮೊದಲ ಕಂತು 3 ಕೋಟಿ ಕಟ್ಟಲು ಫ್ರಾನ್ಸಿನ ಬ್ಯಾಂಕಿನವರೇ ಸಾಲ ಕೊಟ್ಟರು, ಕೊಡುವಾಗಲೇ 60 ಲಕ್ಷ ಮುರಿದುಕೊಂಡರು. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರೂ, ಅದನ್ನು ತೀರಿಸಲು ಸಾಲ, ಆ ಸಾಲ ತೀರಿಸಲು ಇನ್ನೊಂದು ಸಾಲ ಎಂದು 1947ರವರೆಗೂ ಎಳೆಯಿತು. ನಮಗೆ ಸ್ವಾತಂತ್ರ್ಯ ಬಂದ ವರ್ಷ ಅವರು ತಮ್ಮ ಸ್ವಾತಂತ್ರ್ಯದ ಬಾಕಿ ಚುಕ್ತಾ ಮಾಡಿದರು. ಇದನ್ನು ತೀರಿಸಿದ್ದು ಬಹುಪಾಲು ಕಾಫಿಯ ದುಡ್ಡು. ಕಾಫಿ ಬೆಳೆಗಾರನಿಗೂ ಸಾಲಕ್ಕೂ ಇರುವ ನಂಟನ್ನು ನಿಮ್ಮ ಸೀಮೆಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಸೂಜಿ, ಸೌಟಿನ ಮಾತಿಗೆ ಬರುತ್ತೇನೆ. ಇಲ್ಲಿ ನಿಮ್ಮ ತಕರಾರನ್ನು ಅರ್ಧ ಒಪ್ಪುತ್ತೇನೆ.

ಕಾತರಿನ್ ಫ್ಲೋನ್ ಬಾವುಟ ಹೊಲಿದಳು ಎಂದು ಬರೆದೆವು. 1803ರ ಮೇ 18ರಂದು ಅರ್ಕಾಯೆ ಎಂಬ ಊರಿನಲ್ಲಿ ಕ್ರಾಂತಿಯ ನಾಯಕ ದೆಸಲೀನ್ ಫ್ರೆಂಚ್ ಬಾವುಟದ ನಡುವಿನ ಬಿಳಿ ಪಟ್ಟಿ ಕಿತ್ತೆಸೆದ, ಉಳಿದ ನೀಲಿ ಕೆಂಪನ್ನು ಅವಳು ಕೂಡಿಸಿ ಹೊಲಿದಳು ಎಂಬುದು ಅಲ್ಲಿನ ಮಕ್ಕಳೆಲ್ಲ ಕೇಳಿ ಬೆಳೆಯುವ ಕತೆ. ಆದರೆ ಅದಕ್ಕೆ ಹಿಂದಿನ ವರ್ಷ ಬಂದೂಕು ಹಿಡಿದವರನ್ನು ಬಿಟ್ಟದ್ದು ನಮ್ಮ ತಪ್ಪೇ. 1802ರ ಮಾರ್ಚಿನಲ್ಲಿ ಕ್ರೆತ್-ಆ-ಪಿಯೆರೋ ಕೋಟೆಗೆ ಮುತ್ತಿಗೆ ಬಿದ್ದಾಗ ಮರಿ-ಜಾನ್ ಲಾಮಾರ್ತಿನಿಯೇರ್ ಗೋಡೆಯ ಮೇಲೆ ಓಡಾಡಿ ಸಿಪಾಯಿಗಳಿಗೆ ಮದ್ದುಗುಂಡು ಹಂಚುತ್ತಿದ್ದಳು. ನಮ್ಮ ಓಬವ್ವನ ಹಾಗೆ ಎಂದು ಒಂದು ವಾಕ್ಯ ಬರೆದು ಹೊಡೆದುಹಾಕಿದೆ. ಪ್ರತಿ ಊರಿನ ವೀರಳೂ ನಮ್ಮೂರಿನವಳ ನಕಲಾಗಬೇಕಿಲ್ಲ.

ಇನ್ನು ಸಾನಿತ್ ಬೆಲೇರ್. ಕ್ರಾಂತಿಯ ಮುಂದಾಳು ಟೂಸ್ಸೇನ್ ಲೂವರ್ತ್ಯೂರನ ಸೈನ್ಯದಲ್ಲಿ ಲೆಫ್ಟಿನೆಂಟ್. ಗಂಡ ಶಾರ್ಲ್ ಜನರಲ್. ಇಬ್ಬರೂ ಸಿಕ್ಕಿಬಿದ್ದು 1802ರ ಅಕ್ಟೋಬರ್ 5ರಂದು ಮರಣದಂಡನೆ. ಗಂಡನಿಗೆ ಗುಂಡು, ಅವಳು ಹೆಂಗಸೆಂದು ತಲೆ ಕಡಿಯುವ ಶಿಕ್ಷೆ. ತಾನೂ ಸೈನಿಕಳು, ತನಗೂ ಗುಂಡೇ ಆಗಬೇಕು ಎಂದು ಹಟ ಹಿಡಿದು ನಿಂತಳು, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಳ್ಳಲಿಲ್ಲ ಎಂದು ಹೇಳುತ್ತಾರೆ. ದೇಶಕ್ಕೆ ಇನ್ನೂರು ತುಂಬಿದ 2004ರಲ್ಲಿ ಅಲ್ಲಿನ ಹಣ ಗೂರ್ದ್, ಅದರ ಹತ್ತರ ನೋಟಿನ ಮೇಲೆ ಅವಳ ಚಿತ್ರ ಬಂತು. ಸಂತೆಯಲ್ಲಿ ಕೈಯಿಂದ ಕೈಗೆ ಹೋಗಿ ಮುದುಡುವ ಸಣ್ಣ ನೋಟು ಅದು.

ಸೌಟನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ಜನವರಿ 1ರ ಬೆಳಿಗ್ಗೆ ಹೈಟಿಯ ಮನೆಮನೆಯಲ್ಲೂ ‘ಸೂಪ್ ಜೂಮೂ’ ಕುದಿಯುತ್ತದೆ. ಹಳದಿ ಕುಂಬಳವನ್ನು ಬೇಯಿಸಿ ನುಣ್ಣಗೆ ಮಾಡಿ, ಅದಕ್ಕೆ ಹಿಂದಿನ ರಾತ್ರಿಯೇ ಮಸಾಲೆ ಹಚ್ಚಿಟ್ಟ ದನದ ಮಾಂಸ, ಎಲೆಕೋಸು, ಆಲೂಗಡ್ಡೆ, ಕ್ಯಾರೆಟ್ಟು. ಗುಲಾಮರು ಬೇಯಿಸಿ ಧಣಿಗಳ ಮೇಜಿಗೆ ಇಡುತ್ತಿದ್ದ ಸಾರು, ಅವರ ಬಾಯಿಗೆ ನಿಷೇಧ. ಬಿಡುಗಡೆಯ ದಿನ ಅದನ್ನೇ ಎಲ್ಲರಿಗೂ ಬಡಿಸಿದರು, ಇವತ್ತಿಗೂ ನೆರೆಮನೆಗೆ ಬಟ್ಟಲು ಹೋಗುತ್ತದೆ. 2021ರಲ್ಲಿ ಯುನೆಸ್ಕೊ ಇದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಯಾರು ಅಡುಗೆ ಮಾಡುತ್ತಾರೆ, ಯಾರು ಉಣ್ಣಬಹುದು ಎಂಬುದರ ಮೇಲೆ ಏನೇನು ನಿಂತಿದೆ ಎಂದು ಈ ದೇಶದಲ್ಲಿ ಹುಟ್ಟಿದವರಿಗೆ ಗೊತ್ತು. ಅದಕ್ಕೇ ಸೌಟು ಬಂದೂಕಿಗಿಂತ ಕಡಿಮೆ ಎಂದು ನನಗೆ ಅನ್ನಿಸುವುದಿಲ್ಲ.

ಇನ್ನು ದೊಡ್ಡ ತಕರಾರು. ‘ಊರು ಬಿಟ್ಟವರು’ ಎಂದಿರಿ. ಬಿಟ್ಟರೋ, ಬಿಡಿಸಿದರೋ ಎಂದು ಒಮ್ಮೆ ಕೇಳಿ ನೋಡೋಣ.

ಇವೋನ್ ಹಕೀಮ್-ರಿಂಪೆಲ್ ಊರಲ್ಲೇ ಇದ್ದರು. ಹೆಂಗಸರಿಗೆ ಮತ ಕೊಡಿ ಎಂದು ಹೋರಾಡಿದ ಸಂಘದವರು, ಸ್ವಂತ ಪತ್ರಿಕೆ ನಡೆಸುತ್ತಿದ್ದವರು. ಮತದ ಹಕ್ಕು 1950ರಲ್ಲಿ ಬಂತು. 1957ರ ಅಧ್ಯಕ್ಷ ಚುನಾವಣೆಯಲ್ಲಿ ಡಾಕ್ಟರ್ ಫ್ರಾಂಸ್ವಾ ಡುವಾಲಿಯೆ ಗೆದ್ದ. ಅವನನ್ನು ಟೀಕಿಸಿದ ಇವೋನ್ ಮನೆಗೆ 1958ರ ಜನವರಿಯ ಒಂದು ರಾತ್ರಿ ಮುಸುಕು ಹಾಕಿದವರು ನುಗ್ಗಿದರು. ಎಳೆದೊಯ್ದು, ಸತ್ತಳೆಂದುಕೊಳ್ಳುವಷ್ಟು ಹೊಡೆದು ಬಿಸಾಡಿ ಹೋದರು. ಜೀವ ಉಳಿಯಿತು, ರಾಜಕೀಯದ ಬರವಣಿಗೆ ನಿಂತೇಹೋಯಿತು.

ಹತ್ತು ವರ್ಷದ ನಂತರ ಮರಿ ವ್ಯೂ-ಶೊವೆ ‘ಪ್ರೇಮ, ಕ್ರೋಧ, ಹುಚ್ಚು’ ಎಂಬ ಮೂರು ಭಾಗದ ಕಾದಂಬರಿಯನ್ನು ಪ್ಯಾರಿಸ್ಸಿನಲ್ಲಿ ಅಚ್ಚು ಹಾಕಿಸಿದರು. ಫ್ರೆಂಚ್ ಲೇಖಕಿ ಸಿಮೊನ್ ದ ಬೊವ್ವಾರ್ ಹಸ್ತಪ್ರತಿ ಓದಿ ಮೆಚ್ಚಿದ್ದರು. ಅದು ಅಧ್ಯಕ್ಷನ ಕಣ್ಣಿಗೆ ಬಿದ್ದರೆ ಮನೆಮಂದಿಗೆಲ್ಲ ಉಳಿಗಾಲವಿಲ್ಲ ಎಂದು ಹೆದರಿ, ಸಿಕ್ಕ ಪ್ರತಿಗಳನ್ನು ಕುಟುಂಬದವರೇ ಕೊಂಡು ಮರೆಮಾಡಿದರು. ಲೇಖಕಿ ನ್ಯೂಯಾರ್ಕಿಗೆ ಹೋದರು, 1973ರಲ್ಲಿ ಅಲ್ಲೇ ತೀರಿಕೊಂಡರು. ಪುಸ್ತಕ ಮತ್ತೆ ಅಂಗಡಿಗೆ ಬಂದದ್ದು ಮೂವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ. ಈಗ ಹೇಳಿ, ಇದು ನ್ಯೂಯಾರ್ಕಿನ ಮಾತೋ, ಹೈಟಿಯ ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನ ಮಾತೋ?

ನೀವು ಹೆಸರೆತ್ತಿ ಬರೆದಿದ್ದು ಎಡ್ವಿಜ್ ಡಾಂಟಿಕಾ ಅವರ ಬಗ್ಗೆ: ‘ಇಂಗ್ಲಿಷಿನಲ್ಲಿ ಬರೆಯುವ ಅಮೆರಿಕದವಳು.’ ಅವರು ಹುಟ್ಟಿದ್ದು 1969ರಲ್ಲಿ, ಪೋರ್ಟ್-ಒ-ಪ್ರಿನ್ಸ್‌ನಲ್ಲಿ. ಅಪ್ಪ ಅಮ್ಮ ದುಡಿಯಲು ನ್ಯೂಯಾರ್ಕಿಗೆ ಹೋದಾಗ ಮಗಳನ್ನು ದೊಡ್ಡಪ್ಪ ಜೋಸೆಫರ ಮನೆಯಲ್ಲಿ ಬಿಟ್ಟರು. ಹನ್ನೆರಡರವರೆಗೂ ಅಲ್ಲೇ ಬೆಳೆದರು. ಪಾದ್ರಿಯಾಗಿದ್ದ ದೊಡ್ಡಪ್ಪನಿಗೆ ಗಂಟಲಿನ ಕ್ಯಾನ್ಸರ್ ಬಂದು ದನಿಪೆಟ್ಟಿಗೆಯನ್ನೇ ತೆಗೆದರು. ಉಪದೇಶ ಮಾಡುತ್ತಿದ್ದ ಬಾಯಿ ಬರಿದೇ ಆಡುತ್ತಿತ್ತು, ಸದ್ದಿಲ್ಲ. ಆ ತುಟಿಗಳನ್ನು ನೋಡಿ ನೋಡಿ ಕಲಿತ ಹುಡುಗಿ, ಅವರು ಹೊರಗೆ ಹೋದಲ್ಲೆಲ್ಲ ಜೊತೆಗೆ ಹೋಗಿ ಜನರಿಗೆ ಅವರ ಮಾತು ಹೇಳುತ್ತಿದ್ದಳು.

2004ರಲ್ಲಿ ದೊಡ್ಡಪ್ಪನ ಬೀದಿಯಲ್ಲಿ ಗುಂಡು ಹಾರಿ, ಚರ್ಚಿಗೆ ಬೆಂಕಿ ಬಿದ್ದು, ಎಂಬತ್ತೊಂದರ ಆ ಮುದುಕರು ಮಯಾಮಿಗೆ ಬಂದಿಳಿದು ಆಶ್ರಯ ಕೇಳಿದರು. ಕೈಯಲ್ಲಿ ಸರಿಯಾದ ವೀಸಾ ಇತ್ತು. ಆದರೂ ವಲಸೆ ಅಧಿಕಾರಿಗಳು ಕೂಡಿಹಾಕಿದರು, ಅವರ ಔಷಧಿ ತೆಗೆದಿಟ್ಟುಕೊಂಡರು. ಕೆಲವೇ ದಿನಕ್ಕೆ, ಬಂಧನದಲ್ಲಿರುವಾಗಲೇ ತೀರಿಕೊಂಡರು. ಎಡ್ವಿಜ್ ಈ ಕತೆಯನ್ನು ಪುಸ್ತಕ ಮಾಡಿದರು. ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆಯೂ ಹೋಗಿ ಹೇಳಿದರು. ಮೇಷ್ಟ್ರೇ, ತುಟಿ ಓದುತ್ತಿದ್ದ ಆ ಹುಡುಗಿಯೇ ಅಲ್ಲವೇ ಇದು? ಭಾಷೆಯೊಂದು ಬದಲಾಯಿತು, ಕೆಲಸ ಅದೇ.

ಆದರೂ ನಿಮ್ಮ ಮಾತಿನಲ್ಲೊಂದು ಸತ್ಯವಿದೆ, ಅದನ್ನು ತಳ್ಳಿಹಾಕಲಾರೆ. ಪುಸ್ತಕ ಬರೆದವರನ್ನೇ ‘ದನಿ’ ಎಂದುಕೊಂಡದ್ದು ನಮ್ಮ ಆಲಸ್ಯ. ಹೈಟಿಯ ಎಲ್ಲರ ಮಾತೂ ಕ್ರಿಯೋಲ್, ಫ್ರೆಂಚಿಗೆ ಆಫ್ರಿಕದ ನುಡಿಗಳು ಬೆರೆತು ಹುಟ್ಟಿದ ಭಾಷೆ. ಫ್ರೆಂಚ್ ಓದಬಲ್ಲವರು ಸ್ವಲ್ಪ ಜನ. ಹಾಗಾದರೆ ಉಳಿದವರ ಮಾತು ಎಲ್ಲಿ ಕೇಳುತ್ತದೆ? ಒಂದು, ಸಂತೆಯಲ್ಲಿ. ಗುಡ್ಡಗಾಡಿನ ಹಳ್ಳಿಗಳಿಂದ ಬಾಳೆ, ಮಾವು, ಬೀನ್ಸ್ ಕೊಂಡು, ಲಾರಿಯ ಮೇಲೆ ಮೂಟೆಗಳ ತುದಿಯಲ್ಲಿ ಕೂತು ರಾಜಧಾನಿಗೆ ತರುವ ವ್ಯಾಪಾರಿ ಹೆಂಗಸರಿಗೆ ‘ಮದಾನ್ ಸಾರಾ’ ಎನ್ನುತ್ತಾರೆ. ಮದಾನ್ ಸಾರಾ ಎಂಬುದು ಒಂದು ಹಕ್ಕಿಯ ಹೆಸರು. ನಮ್ಮ ಗೀಜಗದ ಸಮೀಪದ ಬಳಗ, ಆಫ್ರಿಕದಿಂದ ಬಂದದ್ದು, ಮರದ ತುಂಬ ಗೂಡು ಕಟ್ಟಿ ದಿನವಿಡೀ ಗಲಾಟೆ. ದೇಶದ ಅನ್ನವನ್ನು ತಲೆಯ ಮೇಲೆ ಹೊತ್ತು ತರುವವರು ಇವರೇ. ರಾಜಧಾನಿಯ ಕ್ರುವಾ-ದೆ-ಬೊಸಾಲ್ ಮಾರುಕಟ್ಟೆಯಲ್ಲಿ ಅವರು ಕೂತು ಚೌಕಾಸಿ ಮಾಡುವ ಜಾಗ, ಹಿಂದೆ ಹಡಗಿನಿಂದ ಇಳಿಸಿದ ಗುಲಾಮರನ್ನು ಮಾರುತ್ತಿದ್ದ ಜಾಗ. ಈಗ ದಾರಿಗಳಲ್ಲಿ ಬಂದೂಕಿನ ಗುಂಪುಗಳು ಸುಂಕ ಕೀಳುತ್ತವೆ. ಲಾರಿ ನಿಂತರೆ ಈ ಹೆಂಗಸರ ಬಂಡವಾಳ ಅಲ್ಲೇ ಕೊಳೆಯುತ್ತದೆ.

ಇನ್ನೊಂದು, ರೇಡಿಯೋದಲ್ಲಿ. ಜಾನ್ ದೊಮಿನಿಕ್ ಮತ್ತು ಹೆಂಡತಿ ಮಿಶೆಲ್ ಮೊಂಟಾಸ್ ನಡೆಸುತ್ತಿದ್ದ ‘ರೇಡಿಯೋ ಹೈಟಿ’ ರೈತರನ್ನು ಕ್ರಿಯೋಲಿನಲ್ಲೇ ಮಾತಾಡಿಸುತ್ತಿತ್ತು. 2000ದ ಏಪ್ರಿಲ್ 3ರಂದು ಕೇಂದ್ರದ ಅಂಗಳದಲ್ಲೇ ಜಾನ್‌ಗೆ ಗುಂಡು ಹೊಡೆದರು. ಮಿಶೆಲ್ ಬಾಗಿಲು ಹಾಕಲಿಲ್ಲ, ಮೈಕಿನ ಮುಂದೆ ಕೂತರು. 2002ರ ಕ್ರಿಸ್‌ಮಸ್ ದಿನ ಅವರ ಮನೆಯ ಬಳಿ ಅಂಗರಕ್ಷಕನನ್ನು ಕೊಂದರು. ಎರಡು ತಿಂಗಳಿಗೆ ಮಿಶೆಲ್ ಕೇಂದ್ರ ಮುಚ್ಚಿ ನ್ಯೂಯಾರ್ಕಿಗೆ ಹೋದರು. ದಶಕಗಳ ಧ್ವನಿಸುರುಳಿಗಳನ್ನು ಆಮೇಲೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಈಗ ಅವು ಇಂಟರ್‌ನೆಟ್ಟಿನಲ್ಲಿ ಬಿಟ್ಟಿ ಸಿಗುತ್ತವೆ. ಊರಿನ ದನಿ ಊರು ಬಿಟ್ಟು ಹೋಗಿದ್ದರಿಂದಲೇ ಉಳಿಯಿತು.

ಊರಲ್ಲೇ ಇದ್ದು ಬರೆಯುವವರೂ ಇದ್ದಾರೆ, ಅವರನ್ನು ಬಿಟ್ಟದ್ದು ನಿಜ. 2014ರಲ್ಲಿ ಫ್ರಾನ್ಸಿನ ಫೆಮಿನಾ ಸಾಹಿತ್ಯ ಪ್ರಶಸ್ತಿ ಪಡೆದ ಯಾನಿಕ್ ಲಾಹೆನ್ಸ್ ಬಗ್ಗೆ ಒಂದು ಬರಹ ತರಿಸುತ್ತಿದ್ದೇವೆ. ಜೊತೆಗೆ ಮಿರಿಯಮ್ ಮೆರ್ಲೆ, ಮಗಲಿ ಮಾರ್ಸೆಲಿನ್, ಆನ್ ಮರಿ ಕೋರಿಯೊಲಾನ್ ಬಗ್ಗೆಯೂ. ಅತ್ಯಾಚಾರ ಎಂದರೆ ಮರ್ಯಾದೆಗೆ ಬಂದ ಕುಂದು ಎನ್ನುತ್ತಿದ್ದ ಹಳೆಯ ಕಾನೂನನ್ನು 2005ರಲ್ಲಿ ಬದಲಿಸಲು ದುಡಿದವರು. 2010ರ ಜನವರಿ 12ರ ಭೂಕಂಪದಲ್ಲಿ ಮೂವರೂ ಒಂದೇ ದಿನ ಹೋದರು.

ಕೊನೆಯ ಪ್ರಶ್ನೆ, ಹೆಸರಿನದು. ಅಲ್ಲಿನ ಜನ ‘ಆಯಿಟಿ’ ಎನ್ನುತ್ತಾರೆ. ಕೊಲಂಬಸ್ ಬರುವ ಮೊದಲು ಅಲ್ಲಿದ್ದ ಟೈನೊ ಜನರ ಪದ, ಗೆದ್ದ ಗುಲಾಮರು ಫ್ರೆಂಚರು ಇಟ್ಟ ಹೆಸರು ಕಿತ್ತುಹಾಕಿ ಅದನ್ನೇ ಮತ್ತೆ ತಂದರು. ಬೆಟ್ಟಗುಡ್ಡದ ನಾಡು ಎಂದು ಅರ್ಥ. ಮಲೆನಾಡು ಎಂದೇ ಅನುವಾದಿಸಿಬಿಡಬಹುದು, ನಿಮ್ಮೂರಿನವರು ಜಗಳಕ್ಕೆ ಬರದಿದ್ದರೆ. ಓದುಗರಿಗೆ ರೂಢಿಯಾಗಿರುವುದರಿಂದ ಪತ್ರಿಕೆಯಲ್ಲಿ ಹೈಟಿ ಎಂದೇ ಬರೆಯುತ್ತೇವೆ. ನೀವು ಕೆಂಪು ಶಾಯಿಯಲ್ಲಿ ‘ಹೇಯ್ಟಿ’ ಎಂದು ತಿದ್ದಿದ್ದೀರಲ್ಲ, ಅದೊಂದನ್ನು ಮಾತ್ರ ಒಪ್ಪಲಾರೆ.

– ಸಂಪಾದಕ