ಮಧ್ಯಾಹ್ನ ಎರಡು ಗಂಟೆಗೆ ಹೋಗಿ ನೋಡಿ

ಪ್ರಕರಣ: ತಾಯಿಗೆ 31 ವರ್ಷ, ಮಗುವಿಗೆ 11 ತಿಂಗಳು. ಮಂಗಳೂರಿನಲ್ಲಿ ಬಾಡಿಗೆ ಮನೆ, ಬಿಜೈ ಕಡೆ ಕಚೇರಿ. ಗಂಡ ಗಲ್ಫ್‌ನಲ್ಲಿದ್ದಾರೆ. ಇಷ್ಟು ದಿನ ಮಗುವನ್ನು ನೋಡಿಕೊಂಡ ತವರಿನ ಅಮ್ಮನಿಗೆ ಮಂಡಿಯ ಶಸ್ತ್ರಚಿಕಿತ್ಸೆ ಆಗಬೇಕು. ಮಗುವನ್ನು ಊರಿಗೆ ಕಳಿಸು ಎಂದು ಕುಂದಾಪುರದ ಅತ್ತೆಯ ಒತ್ತಾಯ. "ನಾನ್ ಇಪ್ಪತಿಗೆ (ನಾನಿರುವಾಗ) ಮಗೂನ ಕಂಡೋರ ಕೈಗ್ ಕೊಡುದಾ?" ಎಂದು ಅವರು ಫೋನಿನಲ್ಲಿ ಕೇಳಿದ ಮೇಲೆ ಈಕೆಗೆ ರಾತ್ರಿ ನಿದ್ದೆಯಿಲ್ಲ. (ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ.)

ಮೊದಲ ಭೇಟಿಯಲ್ಲಿ ಈ ತಾಯಿ ನಮ್ಮಲ್ಲಿ ಸಲಹೆ ಕೇಳಿದ್ದು ಒಂದೇ: ಯಾವ ಡೇಕೇರ್ ಒಳ್ಳೆಯದು? ಆದರೆ ಮಾತಿನಲ್ಲಿ ಎರಡು ಪ್ರಶ್ನೆಗಳು ಗಂಟುಬಿದ್ದಿದ್ದವು. ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗುವುದು ಸರಿಯೇ ಎಂಬುದು ಒಂದು, ಎಲ್ಲಿ ಬಿಡಬೇಕು ಎಂಬುದು ಇನ್ನೊಂದು. ಮೊದಲನೆಯದರ ಅಪರಾಧಿ ಭಾವವೇ ಎರಡನೆಯದನ್ನು ತೀರ್ಮಾನಿಸುತ್ತಿತ್ತು. ಹಾಗಾಗಿ ಎಸಿ, ಗೋಡೆಯ ಮೇಲಿನ ಚಿತ್ರ, ಮೊಬೈಲಿನಲ್ಲಿ ಕಾಣುವ ಸಿಸಿಟಿವಿ ಇದ್ದ ದುಬಾರಿ ಜಾಗಕ್ಕೆ ಮುಂಗಡ ಕೊಡಲು ಹೊರಟಿದ್ದರು. ಅತ್ತೆಗೆ ತೋರಿಸಲು ಅದು ಚೆನ್ನಾಗಿತ್ತು, ಅಷ್ಟೆ.

ಕೆಲಸ ಬಿಡುವ ಯೋಚನೆ ಇಲ್ಲ ಎಂದು ಅವರ ಬಾಯಿಂದಲೇ ಬಂದ ಮೇಲೆ ಎರಡನೆಯ ಪ್ರಶ್ನೆಯನ್ನು ಬೇರೆಯಾಗಿ ಎತ್ತಿಕೊಂಡೆವು.

ಅವರಿಗೆ ಕೊಟ್ಟ ಸಲಹೆ: ಸಂಸ್ಥೆಯವರು ಕರೆದ ಹೊತ್ತಿಗೆ ಹೋಗಬೇಡಿ. ಬೆಳಗ್ಗೆ ಹತ್ತಕ್ಕೆ ಎಲ್ಲ ಕಡೆಯೂ ನೆಲ ಒರೆಸಿರುತ್ತದೆ, ಮಕ್ಕಳು ಹಾಡು ಹೇಳುತ್ತಿರುತ್ತಾರೆ. ಮಧ್ಯಾಹ್ನ ಒಂದೂವರೆಯಿಂದ ಎರಡೂವರೆಯೊಳಗೆ ಒಮ್ಮೆ, ಸಂಜೆ ಐದೂಕಾಲರ ಮೇಲೆ ಇನ್ನೊಮ್ಮೆ ಹೋಗಿ. ಮಧ್ಯಾಹ್ನ ಆಯಾಗಳ ಊಟವೂ ಮಕ್ಕಳ ನಿದ್ದೆಯೂ ಒಟ್ಟಿಗೆ ಬೀಳುವುದರಿಂದ ಇಡೀ ಕೋಣೆಗೆ ಒಬ್ಬರೇ ಉಳಿಯುವುದುಂಟು. ಸಂಜೆ ಬಸ್ಸು ಹಿಡಿಯುವ ಅವಸರದಲ್ಲಿ ದೊಡ್ಡ ಮಕ್ಕಳನ್ನೂ ಕೂಸುಗಳನ್ನೂ ಒಂದೇ ಕೋಣೆಗೆ ತಳ್ಳುತ್ತಾರೆ. "ಸಿಬ್ಬಂದಿ ಎಷ್ಟು ಮಂದಿ?" ಎಂದು ಕೇಳಿದರೆ ಅಡುಗೆಯವರನ್ನೂ ಸೇರಿಸಿ ಲೆಕ್ಕ ಹೇಳುತ್ತಾರೆ. "ಕೂಸುಗಳ ಕೋಣೆಯಲ್ಲಿ ಎರಡು ಗಂಟೆಗೆ ಯಾರಿರುತ್ತಾರೆ? ಅವರು ಊಟಕ್ಕೆ ಎದ್ದರೆ ಯಾರು ಬರುತ್ತಾರೆ? ಅವರು ಇಲ್ಲಿಗೆ ಸೇರಿ ಎಷ್ಟು ವರ್ಷವಾಯಿತು?" ಎಂದು ಕೇಳಿ. ವರ್ಷದೊಳಗಿನ ಮಕ್ಕಳಾದರೆ ಮೂರು, ಹೆಚ್ಚೆಂದರೆ ನಾಲ್ಕು ಕೂಸುಗಳಿಗೆ ಒಬ್ಬರು ಬೇಕು. ಮೂರು ತಿಂಗಳಿಗೊಮ್ಮೆ ಆಯಾ ಬದಲಾಗುವ ಕಡೆ ಈ ಪ್ರಾಯದ ಮಗು ಹೊಂದಿಕೊಳ್ಳುವುದು ಕಷ್ಟ. ಅದು ಒಗ್ಗಿಕೊಳ್ಳುವುದು ಕಟ್ಟಡಕ್ಕಲ್ಲ, ಒಂದು ಮುಖಕ್ಕೆ.

ಸಿಸಿಟಿವಿಯ ಜಾಗಕ್ಕೆ ಅವರು ಒಂದೂ ಮುಕ್ಕಾಲಿಗೆ ಹೋದರು. ಒಂಬತ್ತು ಮಕ್ಕಳಿಗೆ ಒಬ್ಬ ಹುಡುಗಿ, ಎದುರಿಗೆ ಟಿವಿ. ಒಂದು ಕೂಸಿನ ಬಾಯಿಗೆ ಬಾಟಲಿ ಇಟ್ಟು, ಅದು ಜಾರದಂತೆ ದಿಂಬಿನ ಆಸರೆ ಕೊಟ್ಟಿದ್ದರು. ಹಾಗೆ ಹಾಲು ಕುಡಿಸಿದರೆ ನೆತ್ತಿಗೇರಬಹುದು, ಉಸಿರು ಕಟ್ಟಬಹುದು, ಕಿವಿಯ ಸೋಂಕೂ ಬರಬಹುದು. ಅದನ್ನು ಬಿಡಲು ಇಷ್ಟು ಸಾಕಾಯಿತು.

ಮನೆಗೇ ಬರುವ ಹೆಂಗಸಿನ ಆಯ್ಕೆಯೂ ಇತ್ತು. ಆದರೆ ಮನೆಯಲ್ಲಿ ಮೂರನೆಯ ಕಣ್ಣಿಲ್ಲ, ಅವರು ರಜೆ ಹಾಕಿದ ದಿನ ಎಲ್ಲವೂ ನಿಲ್ಲುತ್ತದೆ.

ಉಳಿದದ್ದು ಮಣ್ಣಗುಡ್ಡದ ಕಡೆ ಒಂದು ಹಳೆಯ ಹೆಂಚಿನ ಮನೆಯಲ್ಲಿ ನಡೆಯುವ ಡೇಕೇರ್. ನಾಲ್ಕು ಕೂಸುಗಳಿಗೆ ಒಬ್ಬರು, ಆರು ವರ್ಷದಿಂದ ಅವರೇ. ಇವರು ಹೋದಾಗ ಆಕೆ ನೆಲದ ಮೇಲೆ ಕೂತು ರಾಗಿ ಮಣ್ಣಿ ತಿನ್ನಿಸುತ್ತಾ ತುಳುವಿನಲ್ಲಿ ಮಾತಾಡಿಸುತ್ತಿದ್ದರು. ಮನೆಭಾಷೆ ಕನ್ನಡವಾದ್ದರಿಂದ ತಾಯಿಗೆ ಅಳುಕು. ಅದು ಬೇಡವೆಂದೆವು; ಮಕ್ಕಳು ಎರಡು ಭಾಷೆಯನ್ನು ಸಲೀಸಾಗಿ ಎತ್ತಿಕೊಳ್ಳುತ್ತಾರೆ, ಈ ಊರಿನಲ್ಲಂತೂ ಮೂರು.

ಆದರೂ ಅಲ್ಲಿ ದೋಷಗಳಿದ್ದವು. ಅಂಗಳದ ಬಾವಿಯ ಕಟ್ಟೆ ಎರಡಡಿಯಷ್ಟೇ. ಬಚ್ಚಲಿನಲ್ಲಿ ತುಂಬಿದ ಬಕೆಟ್. ರಸ್ಕಿಗೆ ಜೇನು ಸವರಿ ಕೊಡುವ ಅಭ್ಯಾಸ. ಇವನ್ನು ಬರೆದುಕೊಂಡು ಹೋಗಿ ಕೇಳಲು ಹೇಳಿದೆವು: ಬಾವಿಗೆ ಬೀಗ ಹಾಕುವ ಕಬ್ಬಿಣದ ಜಾಲರಿ ಬೇಕು. ಬಕೆಟ್ ಬೋರಲು ಹಾಕಬೇಕು, ಬಚ್ಚಲಿನ ಬಾಗಿಲಿಗೆ ಮೇಲಿನ ಚಿಲಕ ಬೇಕು, ಏಕೆಂದರೆ ನಿಲ್ಲಲು ಕಲಿಯುವ ಕೂಸು ಬಗ್ಗಿ ನೋಡಿ ತಲೆಕೆಳಗಾಗಿ ಬಿದ್ದರೆ ಎರಡಿಂಚು ನೀರೂ ಪ್ರಾಣ ತೆಗೆಯಬಲ್ಲದು. ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ. ಅದರಲ್ಲಿರಬಹುದಾದ ಬೊಟುಲಿಸಂ ಬ್ಯಾಕ್ಟೀರಿಯಾದ ಬೀಜಕಗಳನ್ನು ಕೂಸಿನ ಕರುಳು ತಡೆಯಲಾರದು. ದೋಷವೇ ಇಲ್ಲದ ಜಾಗ ಸಿಗುವುದಿಲ್ಲ. ಎತ್ತಿ ತೋರಿಸಿದಾಗ ಮುಖ ಗಂಟಿಕ್ಕುತ್ತಾರೋ, ಸರಿಪಡಿಸುತ್ತಾರೋ ನೋಡಬೇಕು. ಜಾಲರಿ ಹತ್ತು ದಿನದಲ್ಲಿ ಬಂತು.

ಬರಹದಲ್ಲಿ ಪಡೆದ ಇನ್ನಷ್ಟು: ಮಗುವನ್ನು ಕರೆದೊಯ್ಯಬಹುದಾದವರ ಹೆಸರು ಮತ್ತು ಫೋಟೋ, ಆ ಮನೆಯಲ್ಲಿ ವಾಸಿಸುವ, ಬಂದುಹೋಗುವ ಎಲ್ಲರ ಪಟ್ಟಿ, ಮೈಬಿಸಿ 100.4 ಫ್ಯಾರನ್‌ಹೀಟ್ ದಾಟಿದರೆ ಕೂಡಲೇ ಫೋನ್; ಕೇಳದೆ ಯಾವ ಸಿರಪ್ಪೂ ಇಲ್ಲ.

ಕಚೇರಿಯ ವಿಷಯವೂ ಬಂತು. 50 ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂಬುದು ಹೆರಿಗೆ ಸೌಲಭ್ಯ ಕಾಯ್ದೆಗೆ 2017ರ ತಿದ್ದುಪಡಿ ತಂದ ನಿಯಮ. ಈಕೆಗೆ ಯಾರೂ ಹೇಳಿರಲಿಲ್ಲ. ಎಚ್‌ಆರ್‌ಗೆ ಮಿಂಚಂಚೆ ಬರೆಯಲು ಹೇಳಿದೆವು, ಬಾಯಿಮಾತು ಬೇಡ.

ಮಗುವನ್ನು ಒಗ್ಗಿಸಲು ಎರಡು ವಾರ ಇಟ್ಟುಕೊಂಡೆವು. ಮೊದಲ ಮೂರು ದಿನ ತಾಯಿ ಜೊತೆಗೇ ಒಂದು ಗಂಟೆ. ನಾಲ್ಕನೆಯ ದಿನ ಇಪ್ಪತ್ತು ನಿಮಿಷ ಹೊರಗೆ, ಆಮೇಲೆ ಒಂದು ಗಂಟೆ, ಮುಂದೆ ಊಟದವರೆಗೆ, ಎರಡನೆಯ ವಾರದ ಕೊನೆಗೆ ನಿದ್ದೆಯೂ ಅಲ್ಲೇ. ಅಮ್ಮ ಮರೆಯಾದರೆ ಅಳುವುದು ಎಂಟನೆಯ ತಿಂಗಳ ಸುಮಾರಿಗೆ ಶುರುವಾಗಿ ಒಂದೂವರೆ ವರ್ಷದವರೆಗೂ ಜೋರಾಗಿರುವುದು ಸಹಜ. ಕಣ್ಣು ತಪ್ಪಿಸಿ ಓಡಬಾರದು. ಟಾಟಾ ಹೇಳಿ, ಒಮ್ಮೆ ಎತ್ತಿ ಕೊಟ್ಟು ಹೊರಡಬೇಕು; ಹಿಂತಿರುಗಿ ಬಂದರೆ ಅಳು ಎರಡರಷ್ಟಾಗುತ್ತದೆ.

ಎಚ್ಚರ ಬೇಕಾದದ್ದು ಬೇರೆಯದಕ್ಕೆ: ನಾಲ್ಕು ವಾರವಾದರೂ ದಿನವಿಡೀ ಅಳು, ಒಬ್ಬರನ್ನು ಕಂಡರೆ ಮಾತ್ರ ಬೆಚ್ಚುವುದು, ವಿವರಣೆ ಇಲ್ಲದ ಗಾಯ, ದಿನವೂ ಮಂಪರಿನಲ್ಲೇ ಮನೆಗೆ ಬರುವುದು. ಕೊನೆಯದು ಕಂಡರೆ ಸಿರಪ್ ಕುಡಿಸಿ ಮಲಗಿಸುತ್ತಿದ್ದಾರೆಯೇ ಎಂದು ಅನುಮಾನಿಸಿ ಅದೇ ದಿನ ಮಕ್ಕಳ ವೈದ್ಯರಲ್ಲಿಗೆ ಹೋಗಬೇಕು. ದೌರ್ಜನ್ಯದ ಶಂಕೆಯಿದ್ದರೆ ಮಕ್ಕಳ ಸಹಾಯವಾಣಿ 1098.

ಆರನೆಯ ವಾರದ ಭೇಟಿ: ಬೆಳಗಿನ ಅಳು ಮೂರ್ನಾಲ್ಕು ನಿಮಿಷಕ್ಕೆ ಇಳಿದಿದೆ. ಜುಲೈ ಮಳೆಗೆ ಜಿಲ್ಲಾಧಿಕಾರಿ ರಜೆ ಘೋಷಿಸಿದರೆ ಡೇಕೇರ್ ತೆರೆದಿರುತ್ತದೆಯೇ ಎಂದು ಮಾತ್ರ ಕೇಳಿರಲಿಲ್ಲ. ತೆರೆದಿರುವುದಿಲ್ಲವಂತೆ. ಆ ದಿನಗಳಿಗೆ ಬರಲು ಅತ್ತೆಯನ್ನೇ ಕೇಳಿದ್ದಾರೆ. ಅವರು ಒಪ್ಪಿದ್ದಾರೆ, ಆದರೆ ಮೊದಲು ಆ ಬಾವಿಯ ಜಾಲರಿಯನ್ನು ತಾವೇ ನೋಡಬೇಕಂತೆ.