ಎಂಟು ತಿಂಗಳಾಗಿದೆ, ಬಾಸ್ ಕಾಟ ತಡೆಯಲಾಗುತ್ತಿಲ್ಲ. ಹೆರಿಗೆವರೆಗೆ ಹೇಗೆ ಕಳೆಯಲಿ?

ತೀರ್ಥಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದು ಅಕೌಂಟ್ಸ್ ಕೆಲಸ ಮಾಡುತ್ತೀರಿ. 33 ವಾರ ಆಗಿದೆ. ಬಾಸ್ ಎಲ್ಲರ ಎದುರೇ ಬೈಯುತ್ತಾರೆ, ಸೆಪ್ಟೆಂಬರ್ ಆಡಿಟ್ ಮುಗಿಯುವವರೆಗೆ ರಜೆ ಸುದ್ದಿ ಎತ್ತಬೇಡಿ ಅಂತಾರೆ. ರಾತ್ರಿ ನಿದ್ದೆ ಇಲ್ಲ, ಈ ಟೆನ್ಶನ್ ಮಗುವಿಗೆ ತಟ್ಟುತ್ತದಾ ಅಂತ ಭಯ. ನೀವು ಕೇಳಿದ್ದು ಇಷ್ಟು ಅಲ್ವಾ? ನಾನೂ ಶಿವಮೊಗ್ಗದ ಒಂದು ಖಾಸಗಿ ಆಫೀಸಿನಲ್ಲಿ ಇದೇ ಕೆಲಸದಲ್ಲಿದ್ದಾಗ ಬಸುರಿಯಾಗಿದ್ದೆ. ಬಾಸ್ ಕೂಡ ಹೆಚ್ಚುಕಮ್ಮಿ ಇಂಥವರೇ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಮಗುವಿನ ಭಯ. ಬಾಸ್ ಒಂದು ದಿನ ಕೂಗಾಡಿದರು, ನೀವು ಬಾತ್‌ರೂಮಿಗೆ ಹೋಗಿ ಅತ್ತಿರಿ, ಅದರಿಂದ ಮಗುವಿಗೆ ಏನೂ ಆಗಿಬಿಡುವುದಿಲ್ಲ. ಅತ್ತಿದ್ದಕ್ಕೆ ಮತ್ತೆ ಭಯಪಟ್ಟು ಅಳಬೇಡಿ. ಆದರೆ ವಾರಗಟ್ಟಲೆ ನಿದ್ದೆಗೆಡುವುದು, ಹೊತ್ತಿಗೆ ಸರಿಯಾಗಿ ಊಟ ಇಲ್ಲದಿರುವುದು, ಬಿಪಿ ಏರುವುದು, ಇವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮುಂದಿನ ಚೆಕಪ್‌ನಲ್ಲಿ ಡಾಕ್ಟರ ಹತ್ತಿರ "ಸುಸ್ತು" ಅಂತಷ್ಟೇ ಹೇಳಿ ಬರಬೇಡಿ. ಎಷ್ಟು ಹೊತ್ತಿಗೆ ಏಳುತ್ತೀರಿ, ಬಸ್ಸಿನಲ್ಲಿ ಎಷ್ಟು ಹೊತ್ತು, ಕುರ್ಚಿಯಲ್ಲಿ ಎಷ್ಟು ಹೊತ್ತು, ರಾತ್ರಿ ನಿದ್ದೆ ಎಷ್ಟು, ಆಫೀಸಿನಲ್ಲಿ ಏನಾಗುತ್ತಿದೆ, ಎಲ್ಲ ಬಿಡಿಸಿ ಹೇಳಿ. ನಮ್ಮ ಕಡೆ ಹೆಂಗಸರು ಡಾಕ್ಟರ ಮುಂದೆ ಕೂತ ಕೂಡಲೇ "ಏನೂ ತೊಂದರೆ ಇಲ್ಲ" ಅಂದುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ.

ಇನ್ನು ಬಾಸ್ ವಿಷಯ. ನಿಮ್ಮ ಕಷ್ಟ ಅವರಿಗೆ ಅರ್ಥವಾಗಲಿ ಅಂತ ಕಾಯುವುದನ್ನು ಇವತ್ತೇ ನಿಲ್ಲಿಸಿ. ನನ್ನ ಬಾಸ್ ಹೇಳುತ್ತಿದ್ದರು, "ನಮ್ಮಮ್ಮ ಗದ್ದೆಯಲ್ಲಿ ನಾಟಿ ಮಾಡಿ ಬಂದು ರಾತ್ರಿ ಹೆತ್ತವರು, ನಿಮಗೆ ಫ್ಯಾನ್ ಕೆಳಗೆ ಕೂತು ಕೆಲಸ ಮಾಡೋಕೆ ಆಗಲ್ವಾ" ಅಂತ. ಇಂಥ ಮಾತಿಗೆ ಉತ್ತರ ಕೊಡುತ್ತಾ ಹೋದರೆ ನಿಮ್ಮ ಉಸಿರು ದಂಡ. ಅವರ ಸಿಟ್ಟು ಕಡಿಮೆ ಮಾಡುವುದು ನಿಮ್ಮ ಕೈಯಲ್ಲಿಲ್ಲ. ಆದರೆ ರಜೆ ಅವರು ದೊಡ್ಡ ಮನಸ್ಸು ಮಾಡಿ ಕೊಡುವ ಉಪಕಾರ ಅಲ್ಲ. ಅದು ಕಾನೂನು ಕೊಟ್ಟದ್ದು. ಇಷ್ಟು ತಲೆಗೆ ಗಟ್ಟಿಯಾಗಿ ಕೂತರೆ ಅರ್ಧ ಭಾರ ಇಳಿಯುತ್ತದೆ. ನನಗೆ ಇಳಿದದ್ದು ಹಾಗೆಯೇ.

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂತು. ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ 26 ವಾರ ರಜೆ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಲೆಕ್ಕ ಇದೇ. ಹತ್ತು ಜನ ಅಥವಾ ಹೆಚ್ಚು ಇರುವ ಆಫೀಸು, ಅಂಗಡಿಗಳಿಗೆಲ್ಲ ಇದು ಅನ್ವಯ. ಹೆರಿಗೆ ದಿನಾಂಕಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ನೀವು 33 ವಾರದಲ್ಲಿದ್ದೀರಿ, ಅಂದರೆ ಈಗಲೇ ರಜೆ ಹಾಕುವ ಹಕ್ಕು ನಿಮಗಿದೆ. ಆಡಿಟ್ ಮುಗಿಯಲಿ ಅನ್ನುವ ಷರತ್ತು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ನಿಮ್ಮ ತಿಂಗಳ ಸಂಬಳ 21,000ದ ಒಳಗಿದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ ಆಗುತ್ತಿದ್ದರೆ ರಜೆಯ ದುಡ್ಡು ಇಎಸ್‌ಐನಿಂದ ಬರುತ್ತದೆ, ಬಾಸ್ ಜೇಬಿನಿಂದ ಅಲ್ಲ. ಸ್ಯಾಲರಿ ಸ್ಲಿಪ್ ತೆಗೆದು ನೋಡಿ.

ಜಾಸ್ತಿ ಜನರಿಗೆ ಗೊತ್ತಿಲ್ಲದ ಎರಡು ವಿಷಯ ಇವೆ. ಹೆರಿಗೆಗೆ ಸುಮಾರು ಹತ್ತು ವಾರ ಇರುವಾಗಿನಿಂದ, ನೀವು ಕೇಳಿಕೊಂಡರೆ, ತುಂಬಾ ಹೊತ್ತು ನಿಲ್ಲುವ ಕೆಲಸ, ಶ್ರಮದ ಕೆಲಸ ಕೊಡುವಂತಿಲ್ಲ. ಹಳೇ ಫೈಲಿನ ಕಟ್ಟು ಅಟ್ಟದಿಂದ ಇಳಿಸು, ಬ್ಯಾಂಕಿನ ಕ್ಯೂನಲ್ಲಿ ನಿಲ್ಲು ಅನ್ನುವುದಕ್ಕೆಲ್ಲ "ಆಗಲ್ಲ ಸರ್" ಅನ್ನಬಹುದು. ಇನ್ನೊಂದು, ಬಸುರಿನಿಂದಲೇ ಆರೋಗ್ಯ ಕೆಟ್ಟರೆ ಡಾಕ್ಟರ ಸರ್ಟಿಫಿಕೇಟ್ ಮೇಲೆ 26 ವಾರದ ಜೊತೆಗೆ ಒಂದು ತಿಂಗಳವರೆಗೆ ಸಂಬಳ ಸಹಿತ ಹೆಚ್ಚುವರಿ ರಜೆ ಸಿಗುತ್ತದೆ. ಈಗಲೇ ರಜೆ ಹಾಕಿದರೆ ಆಮೇಲೆ ಮಗುವಿನ ಜೊತೆ ಇರುವ ವಾರ ಕಡಿಮೆಯಾಗುತ್ತದಲ್ಲ ಅಂತ ನೀವು ಒದ್ದಾಡುತ್ತಿರಬಹುದು. ನಾನೂ ಒದ್ದಾಡಿದ್ದೆ. ನಿಮ್ಮ ಬಿಪಿ, ನಿದ್ದೆ ನೋಡಿ ಡಾಕ್ಟರು ವಿಶ್ರಾಂತಿ ಬೇಕು ಅಂದರೆ ಈ ಹೆಚ್ಚುವರಿ ತಿಂಗಳು ನೆನಪಿರಲಿ.

ಎಲ್ಲವನ್ನೂ ಬರವಣಿಗೆಯಲ್ಲಿ ಕೇಳಿ. ಬಾಯಲ್ಲಿ ಕೇಳಿದ್ದು ಕೂಗಾಟದಲ್ಲಿ ಮುಗಿಯುತ್ತದೆ, ಬರೆದದ್ದು ಉಳಿಯುತ್ತದೆ. ನಾನು ಬರೆದ ಮೇಲ್ ನಾಲ್ಕೇ ಸಾಲು. "ನನ್ನ ಹೆರಿಗೆಯ ದಿನಾಂಕ ಇಂಥದ್ದು. ಡಾಕ್ಟರ ಪತ್ರ ಲಗತ್ತಿಸಿದ್ದೇನೆ. ಇಂಥ ದಿನದಿಂದ ಹೆರಿಗೆ ರಜೆ ತೆಗೆದುಕೊಳ್ಳುತ್ತೇನೆ. ಅಲ್ಲಿಯವರೆಗೆ ಐದು ಗಂಟೆಗೆ ಹೊರಡಬೇಕು, ನಿಲ್ಲುವ ಕೆಲಸ ಬೇಡ." ಅಷ್ಟೇ. ಬೈದದ್ದರ ಬಗ್ಗೆ, ಅತ್ತದ್ದರ ಬಗ್ಗೆ ಒಂದಕ್ಷರ ಇಲ್ಲ. "ದಯವಿಟ್ಟು ರಜೆ ಕೊಡಿ" ಅಂತ ಬೇಡಿಕೊಂಡೂ ಇಲ್ಲ. ಬಾಸ್ ಜೊತೆಗೆ ಎಚ್‌ಆರ್ ಅಥವಾ ಮಾಲೀಕರಿಗೂ ಒಂದು ಕಾಪಿ ಹೋಗಲಿ. ನನ್ನ ಬಾಸ್ ಮೇಲ್ ನೋಡಿ ಎರಡು ದಿನ ಮುಖ ಊದಿಸಿಕೊಂಡಿದ್ದರು. ಆಮೇಲೆ ಐದು ಗಂಟೆಗೆ ಎದ್ದರೆ ಗಡಿಯಾರ ನೋಡುತ್ತಿದ್ದರೇ ಹೊರತು ಮಾತಾಡಲಿಲ್ಲ. ಮುಖಾಮುಖಿ ಮಾತಾಡಲೇಬೇಕಾದರೆ ಬೆಳಿಗ್ಗೆ ಮಾತಾಡಿ. 20ನೇ ತಾರೀಕಿನ ಜಿಎಸ್‌ಟಿ ಗಡಿಬಿಡಿಯಲ್ಲಂತೂ ಬೇಡವೇ ಬೇಡ.

ಅವರು ಬೈಯುವಾಗ ಅಲ್ಲೇ ನಿಂತು ಕೇಳಬೇಕು ಅಂತ ಏನಿಲ್ಲ. "ಸರ್, ಕೂತು ಮಾತಾಡೋಣ" ಅನ್ನಿ, ಕುರ್ಚಿ ಎಳೆದುಕೊಂಡು ಕೂತುಬಿಡಿ. ಎಂಟು ತಿಂಗಳ ಬಸುರಿ ಕೂತಾಗ ಎದುರಿನವರ ದನಿ ತಾನಾಗಿ ತಗ್ಗುವುದನ್ನು ನೋಡಿದ್ದೇನೆ. ತಗ್ಗದಿದ್ದರೆ ಎದ್ದು ಬಾತ್‌ರೂಮಿಗೆ ಹೋಗಿ. ಯಾರೂ ತಡೆಯಲಾರರು. ಏನು ಹೇಳಿದರು, ಯಾವ ದಿನ, ಯಾರಿದ್ದರು ಅಂತ ಮೊಬೈಲಿನಲ್ಲಿ ಬರೆದಿಡಿ. ಬರೆದಿಟ್ಟರೆ ಅದನ್ನೇ ರಾತ್ರಿಯಿಡೀ ಮೆಲುಕು ಹಾಕುವುದೂ ಕಡಿಮೆಯಾಗುತ್ತದೆ.

ಬಾತ್‌ರೂಮ್ ಅಂದಾಗ ನೆನಪಾಯಿತು. ಪದೇ ಪದೇ ಎದ್ದರೆ ಬಾಸ್ ನೋಡುತ್ತಾರೆ ಅಂತ ನೀರು ಕುಡಿಯುವುದನ್ನೇ ಬಿಡುವ ಹೆಂಗಸರು ಎಷ್ಟು ಜನ! ನಮ್ಮ ಮಳೆಗಾಲದಲ್ಲಿ ಬಾಯಾರಿಕೆ ಬೇರೆ ಆಗುವುದಿಲ್ಲ. ಬಸುರಿಯರಿಗೆ ಮೂತ್ರದ ಸೋಂಕು ಬೇಗ ಆಗುತ್ತದೆ, ನೀರು ಕಡಿಮೆಯಾದರೆ ಹೊಟ್ಟೆ ಬಿಗಿದುಕೊಳ್ಳುವುದೂ ಉಂಟು. ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಸಿಕೊಂಡು ಹೋಗಿ, ಟೇಬಲ್ ಮೇಲೇ ಇಡಿ. ಕಾಲು ಇಳಿಬಿಟ್ಟು ಕೂರಬೇಡಿ. ಪ್ರಿಂಟರ್ ಪೇಪರಿನ ರಟ್ಟಿನ ಡಬ್ಬ ಕಾಲಡಿ ಇಟ್ಟುಕೊಂಡರೆ ಸಂಜೆಗೆ ಬಾವು ಕಡಿಮೆ ಇರುತ್ತದೆ. ಕಬ್ಬಿಣದ ಮಾತ್ರೆ ಕಾಫಿ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ.

ಬಸ್ಸಿನ ಮಾತು ಹೇಳಲೇಬೇಕು. ಮಂಡಗದ್ದೆ, ಗಾಜನೂರು ದಾರಿಯಲ್ಲಿ ಈ ಆಶ್ಲೇಷಾ ಮಳೆಗೆ ಗುಂಡಿ ಯಾವುದು ರಸ್ತೆ ಯಾವುದು ತಿಳಿಯುವುದಿಲ್ಲ. ಹಿಂದಿನ ಚಕ್ರದ ಮೇಲಿನ ಸೀಟು ಬೇಡ. ನಡುವಿನ ಸೀಟು ಕೇಳಿ, ಕಂಡಕ್ಟರಿಗೆ ಬಾಯಿಬಿಟ್ಟು ಹೇಳಿ, ಕೊಡಿಸುತ್ತಾರೆ. ಒದ್ದೆ ಮೆಟ್ಟಿಲಲ್ಲಿ ಕೈ ಹಿಡಿದೇ ಇಳಿಯಿರಿ, ಬಸ್ ಪೂರ್ತಿ ನಿಂತ ಮೇಲೆ. ನನ್ನನ್ನು ಕೇಳಿದರೆ 34 ವಾರ ದಾಟಿದ ಮೇಲೆ ದಿನಾ ಹೋಗಿ ಬರುವ ಈ ಓಡಾಟವೇ ನಿಮಗೆ ಬಾಸ್‌ಗಿಂತ ದೊಡ್ಡ ಶತ್ರು. ವಾರದಲ್ಲಿ ಕೆಲವು ದಿನ ಮನೆಯಿಂದ ಕೆಲಸ ಮಾಡುತ್ತೇನೆ ಅಂತ ಕೇಳಿ ನೋಡಿ. ಟ್ಯಾಲಿ ಎಂಟ್ರಿಗೆ ಶಿವಮೊಗ್ಗದಲ್ಲೇ ಕೂರಬೇಕು ಅಂತಿಲ್ಲ. ಒಪ್ಪದಿದ್ದರೆ ರಜೆ ಹಾಕಿ.

ತಲೆನೋವು ಜೋರಾಗಿ ಬಂದು ಬಿಡದಿದ್ದರೆ, ಕಣ್ಣು ಮಂಜಾದರೆ, ಮುಖ ಮತ್ತು ಕೈ ಊದಿಕೊಂಡರೆ, ಎದೆಗೂಡಿನ ಕೆಳಗೆ ನೋವು ಬಂದರೆ, ರಕ್ತ ಅಥವಾ ನೀರು ಹೋದರೆ, ಮಗುವಿನ ಆಟ ಕಡಿಮೆ ಅನಿಸಿದರೆ ಆ ಕ್ಷಣವೇ ಕೆಲಸ ಬಿಟ್ಟು ಆಸ್ಪತ್ರೆಗೆ ಹೋಗಿ. ಬಿಪಿ 140/90 ಮುಟ್ಟಿದರೂ ಅಷ್ಟೇ. ಪರ್ಮಿಷನ್ ಕೇಳುತ್ತಾ ನಿಲ್ಲಬೇಡಿ. ಶಿವಮೊಗ್ಗದಲ್ಲಿದ್ದರೆ ಮೆಗ್ಗಾನ್ ಆಸ್ಪತ್ರೆ ಇದೆ, ದಾರಿಯಲ್ಲಿ ಏನಾದರೂ ಆದರೆ 108. ತಾಯಿ ಕಾರ್ಡ್ ಸದಾ ಬ್ಯಾಗಿನಲ್ಲೇ ಇರಲಿ. ಪಕ್ಕದ ಟೇಬಲಿನ ಒಬ್ಬರಿಗಾದರೂ ನಿಮ್ಮ ಮನೆಯವರ ನಂಬರ್ ಕೊಟ್ಟಿಡಿ.

ಮನಸ್ಸು ತೀರಾ ಕುಗ್ಗಿದರೆ, ಬೆಳಿಗ್ಗೆ ಏಳಲೇ ಬೇಡ ಅನಿಸಿದರೆ 14416ಕ್ಕೆ ಕರೆ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರು "ಬಸುರಿ ಅಂದಮೇಲೆ ಇದೆಲ್ಲ ಇದ್ದದ್ದೇ" ಅಂದರೂ ನೀವು ಕರೆ ಮಾಡಿ.

"ಕೆಲಸ ಬಿಟ್ಟುಬಿಡು ಅತ್ಲಾಗೆ" ಅಂತ ಅತ್ತೆ ಹೇಳುತ್ತಾರೆ ಅಂದಿರಿ. ಪ್ರೀತಿಯಿಂದಲೇ ಹೇಳಿರುತ್ತಾರೆ. ಆದರೂ ಈಗ ರಾಜೀನಾಮೆ ಬರೆಯಬೇಡಿ. ಬಾಸ್ ಬರೆದುಕೊಡು ಅಂತ ಒತ್ತಾಯ ಮಾಡಿದರೂ ಸಹಿ ಹಾಕಬೇಡಿ. ಆರು ತಿಂಗಳ ಸಂಬಳದ ರಜೆ ಕೈಬಿಟ್ಟು ಹೋಗುತ್ತದೆ. ಹೆರಿಗೆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ. ಬಸುರಿಯಾಗಿರುವಾಗ ಸುಮ್ನೆ ತೆಗೆದುಹಾಕಿದರೂ ಹೆರಿಗೆ ಸೌಲಭ್ಯ ತಪ್ಪುವುದಿಲ್ಲ. ಅಂಥ ಪ್ರಸಂಗ ಬಂದರೆ ಶಿವಮೊಗ್ಗದ ಕಾರ್ಮಿಕ ಇಲಾಖೆ ಕಚೇರಿಗೆ ದೂರು ಕೊಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಅವರ ಸಹಾಯವಾಣಿ 15100. ಬಿಡುವುದೇ ಆದರೆ ಬಾಣಂತನ ಮುಗಿದು, ರಜೆ ತೀರಿದ ಮೇಲೆ ಯೋಚನೆ ಮಾಡಿ.

ಈ ವಾರವೇ ಒಂದು ಹ್ಯಾಂಡೋವರ್ ಶೀಟ್ ಮಾಡಿ. ಯಾವ ಫೈಲ್ ಎಲ್ಲಿದೆ, ಯಾವ ಪಾರ್ಟಿಯ ಬಿಲ್ ಬಾಕಿ, ಆಡಿಟರಿಗೆ ಏನೇನು ಕೊಟ್ಟಾಗಿದೆ, ನಿಮ್ಮ ಬದಲು ಯಾರನ್ನು ಕೇಳಬೇಕು. ಅದನ್ನೂ ಮೇಲ್ ಮಾಡಿ. ಹೆರಿಗೆ ಯಾವತ್ತು ಬೇಕಾದರೂ ಆಗಬಹುದು, ಆಗ ನೀವು ಅರ್ಧಕ್ಕೆ ಬಿಟ್ಟು ಹೋದಿರಿ ಅನ್ನುವ ಮಾತಿಗೆ ಜಾಗ ಇರುವುದಿಲ್ಲ. ರಜೆ ಶುರುವಾದ ದಿನ ಆಫೀಸಿನ ವಾಟ್ಸಾಪ್ ಗುಂಪನ್ನು ಮ್ಯೂಟ್ ಮಾಡಿ. ಬಾಣಂತಿ ಕೋಣೆಗೆ ಬಾಸ್ ಫೋನ್ ಬಂದರೆ ನಿಮ್ಮ ಅಮ್ಮ ಎತ್ತಲಿ, "ಮಗಳು ಮಲಗಿದ್ದಾಳೆ, ಶೀಟ್ ನೋಡಿ" ಅಂತ ಹೇಳಲಿ.