ಟಾಹೋ ಸರೋವರದ ದಡ: ಬಿಸಿಲಿಗಿಂತ ಮೊದಲು ಗಾಳಿಯನ್ನು ನೋಡಿ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಜುಲೈನಲ್ಲಿ ನಾನೂ ಪತ್ನಿಯೂ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿರುವ ಮಗಳ ಮನೆಗೆ ಹೋಗಲಿದ್ದೇವೆ. ಆರು ವರ್ಷದ ಮೊಮ್ಮಗನೊಂದಿಗೆ ಟಾಹೋ ಸರೋವರದ ಮರಳು ದಡದಲ್ಲಿ ಒಂದು ದಿನ ಕಳೆಯುವ ಆಸೆಯಿದೆ. ಅಳಿಯಂದಿರು ನಸುಕಿನಲ್ಲೇ ಮನೆ ಬಿಟ್ಟು ಮಧ್ಯಾಹ್ನದೊಳಗೆ ನೀರಿನಿಂದ ಮೇಲೇಳಬೇಕು ಎನ್ನುತ್ತಾರೆ. ಬಿಸಿಲೇರಿದ ಮೇಲೆ ಹೋದರೆ ನೀರು ಬೆಚ್ಚಗಿರುವುದಿಲ್ಲವೇ? ಯಾವ ದಡ ಒಳ್ಳೆಯದು?
– ಓದುಗರೊಬ್ಬರು, ಕಲಬುರಗಿ

ಉತ್ತರ: ಮಾನ್ಯರೆ, ನಿಮ್ಮ ಅಳಿಯಂದಿರ ಮಾತೇ ಸರಿ. ಟಾಹೋ ಸರೋವರದ ನೀರಿನ ಮಟ್ಟವು ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿದೆ. ಎಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗೆ ಹೆಚ್ಚುಕಡಿಮೆ ಸಮನಾಗಿ, 35 ಕಿ.ಮೀ. ಉದ್ದ, 19 ಕಿ.ಮೀ. ಅಗಲ, 501 ಮೀಟರ್ ಆಳದ ನೀರು ನಿಂತಿದೆ ಎಂದು ಊಹಿಸಿಕೊಳ್ಳಿ. ಇಷ್ಟು ಆಳದ ನೀರು ಒಂದು ದಿನದ ಬಿಸಿಲಿಗೆ ಕಾಯುವುದಿಲ್ಲ. ಜುಲೈ, ಆಗಸ್ಟ್‌ಗಳಲ್ಲಿಯೂ ಮೇಲ್ಪದರದ ಉಷ್ಣಾಂಶ ಸುಮಾರು 18ರಿಂದ 20 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಕಲಬುರಗಿಯ ಬೇಸಿಗೆ ಕಂಡ ಮೈಗೆ ಅದು ತಣ್ಣೀರೇ. ಆದ್ದರಿಂದ ಮಧ್ಯಾಹ್ನದವರೆಗೆ ಕಾದು ನೀವು ಗಳಿಸುವುದು ಹೆಚ್ಚೇನಿಲ್ಲ, ಕಳೆದುಕೊಳ್ಳುವುದು ಮಾತ್ರ ಬಹಳವಿದೆ. ಹೊತ್ತೇರಿದಂತೆ ಪೂರ್ವಕ್ಕಿರುವ ನೆವಾಡಾದ ಮರುಭೂಮಿ ಕಾದು ಅಲ್ಲಿನ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಸಿಯೆರಾ ಬೆಟ್ಟಗಳನ್ನು ದಾಟಿ ಪಶ್ಚಿಮದ ಗಾಳಿ ನುಗ್ಗುತ್ತದೆ. ಬೆಳಿಗ್ಗೆ ಕನ್ನಡಿಯಂತಿದ್ದ ಸರೋವರದಲ್ಲಿ ಮಧ್ಯಾಹ್ನದ ಹೊತ್ತಿಗೆ ನೊರೆಗಟ್ಟಿದ ಅಲೆಗಳೇಳುವುದು ಅಲ್ಲಿನ ಬೇಸಿಗೆಯ ದಿನಚರಿ.

ಯಾವ ದಡ ಎಂಬ ಪ್ರಶ್ನೆಗೆ ಗಾಳಿಯ ದಿಕ್ಕೇ ಉತ್ತರ ಹೇಳಬೇಕು. ನಮ್ಮ ಕಡೆ ರಾಶಿ ಮಾಡುವವರು ಕಣದಲ್ಲಿ ಹಿಡಿ ಹೊಟ್ಟು ತೂರಿ, ಅದು ಹಾರಿದ ಕಡೆ ನೋಡಿಕೊಂಡೇ ನಿಲ್ಲುವ ಜಾಗ ಗೊತ್ತು ಮಾಡುತ್ತಾರಲ್ಲವೇ, ಇಲ್ಲಿಯೂ ಹಾಗೆಯೇ. ಬೇಸಿಗೆಯಲ್ಲಿ ಅಲ್ಲಿ ಬೀಸುವುದು ಹೆಚ್ಚಾಗಿ ನೈಋತ್ಯದ ಗಾಳಿ. ಅದು ಇಡೀ ಸರೋವರದ ಮೇಲೆ ಓಡಿಬಂದು ಪೂರ್ವದ ಸ್ಯಾಂಡ್ ಹಾರ್ಬರ್, ಉತ್ತರದ ಕಿಂಗ್ಸ್ ಬೀಚ್ ಮುಂತಾದ ದಡಗಳಿಗೆ ಅಲೆಗಳನ್ನು ತಂದು ಬಡಿಯುತ್ತದೆ. ಪಶ್ಚಿಮದ ದಡಗಳು ಬೆಟ್ಟದ ಮರೆಯಲ್ಲಿ ಶಾಂತವಾಗಿರುತ್ತವೆ. ಹಾಗೆಂದು ಪಶ್ಚಿಮದ ದಡವೇ ಕ್ಷೇಮವೆಂದು ತಿಳಿಯಬೇಡಿ. ಅಲ್ಲಿ ಗಾಳಿ ನೆಲದಿಂದ ನೀರಿನ ಕಡೆಗೆ ಬೀಸುವುದರಿಂದ, ಮಗು ಕುಳಿತ ಗಾಳಿ ತುಂಬಿದ ಟ್ಯೂಬ್ ಸದ್ದಿಲ್ಲದೆ ಸರೋವರದ ನಡುವಿನತ್ತ ತೇಲಿಹೋಗುತ್ತದೆ. ಅಂಥ ಆಟಿಕೆಗಳನ್ನು ಮನೆಯಲ್ಲಿಯೇ ಬಿಟ್ಟು ಹೋಗುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಇನ್ನೊಂದು ವಿಚಿತ್ರವೂ ಉಂಟು. ಬಟ್ಟಲಿನ ಹಾಲಿನ ಮೇಲೆ ಊದಿದರೆ ಕೆನೆ ಆಚೆಯ ಅಂಚಿಗೆ ಸರಿದು ಈಚೆ ಬರೀ ಹಾಲು ಕಾಣಿಸುವಂತೆ, ಜೋರು ಗಾಳಿ ಒಂದೆರಡು ದಿನ ಬಿಡದೆ ಬೀಸಿದರೆ ಬೆಚ್ಚನೆಯ ಮೇಲ್ನೀರು ಪೂರ್ವಕ್ಕೆ ಸರಿದು, ಪಶ್ಚಿಮದ ದಡದಲ್ಲಿ ಆಳದ ಕೊರೆಯುವ ನೀರು ಮೇಲೆದ್ದು ಬರುತ್ತದೆ. ಹಿಂದಿನ ದಿನಗಳ ಗಾಳಿಯನ್ನೂ ವಿಚಾರಿಸಬೇಕೆನ್ನುವುದು ಇದಕ್ಕಾಗಿಯೇ.

ಒಟ್ಟಿನಲ್ಲಿ, ನಿಮ್ಮಂಥವರಿಗೆ ಸ್ಯಾಂಡ್ ಹಾರ್ಬರ್‌ನ ಬೆಳಗಿನ ಹೊತ್ತು ತಕ್ಕುದು. ಅಲ್ಲಿ ಮರಳೂ ಇದೆ, ಬಂಡೆಗಳ ನಡುವೆ ಮಗು ಕಾಲಾಡಿಸುವಷ್ಟು ತೆಳುನೀರೂ ಇದೆ. ವಾಹನ ನಿಲ್ಲಿಸುವ ಜಾಗ ಬೇಗ ತುಂಬಿಬಿಡುತ್ತದೆ, ಇದು ನಸುಕಿನಲ್ಲಿ ಹೊರಡಲು ಇನ್ನೊಂದು ಕಾರಣ. ಆ ಎತ್ತರದಲ್ಲಿ ಗಾಳಿ ತಂಪೆನಿಸಿದರೂ ಬಿಸಿಲು ಚರ್ಮವನ್ನು ಬೇಗ ಸುಡುತ್ತದೆ. ಟೋಪಿ, ತುಂಬುತೋಳಿನ ಅಂಗಿ ಇರಲಿ.

ದೋಣಿಯ ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. 2025ರ ಜೂನ್ 21ರ ಮಧ್ಯಾಹ್ನ ಇದೇ ಸರೋವರದಲ್ಲಿ ಹಠಾತ್ತನೆ ಎದ್ದ ಬಿರುಗಾಳಿಗೆ ಸುಮಾರು ಎಂಟು ಅಡಿ ಎತ್ತರದ ಅಲೆಗಳೆದ್ದು, ಹತ್ತು ಜನರಿದ್ದ ದೋಣಿ ಮಗುಚಿ ಎಂಟು ಮಂದಿ ತೀರಿಕೊಂಡರು. ಅಂದಿನ ಗಾಳಿ ಬಂದದ್ದು ಎಂದಿನ ನೈಋತ್ಯದಿಂದಲ್ಲ, ಉತ್ತರದಿಂದ. ಹೀಗಾಗಿ ಸಾಮಾನ್ಯವಾಗಿ ಶಾಂತವಾಗಿರುವ ನೈಋತ್ಯದ ದಡದ ಬಳಿಯೇ ದುರಂತ ನಡೆಯಿತು. ವಾಡಿಕೆಯನ್ನು ನಂಬಿ ಅಂದಿನ ಮುನ್ಸೂಚನೆಯನ್ನು ಓದದೆ ಹೋಗಬಾರದು. ದೋಣಿ ಏರುವುದೇ ಆದರೆ ಮೊಮ್ಮಗನಿಗೆ ಲೈಫ್ ಜಾಕೆಟ್ ಕಾನೂನಿನಂತೆ ಕಡ್ಡಾಯ, ನೀವಿಬ್ಬರೂ ತೊಟ್ಟುಕೊಳ್ಳಿ.

ಪ್ರಶ್ನೆ: ಮೊಬೈಲಿನ ಹವಾಮಾನ ಆ್ಯಪ್‌ನಲ್ಲಿ ಸೂರ್ಯನ ಚಿತ್ರವಿದ್ದರೆ ಟಾಹೋಗೆ ಹೊರಡಬಹುದಲ್ಲವೇ? ಸೆಪ್ಟೆಂಬರ್ ಹೇಗೆ?
– ಓದುಗರೊಬ್ಬರು, ಬೀದರ್

ಉತ್ತರ: ಸೂರ್ಯನ ಚಿತ್ರ ಗಾಳಿಯ ಸುದ್ದಿ ಹೇಳುವುದಿಲ್ಲ. ಗಂಟೆಗಂಟೆಯ ಮುನ್ಸೂಚನೆಯಲ್ಲಿ ಗಾಳಿಯ ವೇಗ, ದಿಕ್ಕು, ನಡುನಡುವೆ ಬೀಸುವ ರಭಸ, ಈ ಮೂರನ್ನೂ ನೋಡಿ. ಅಲ್ಲಿ ವೇಗವನ್ನು ಮೈಲಿಯಲ್ಲಿ ಕೊಡುತ್ತಾರೆ. 20 ಮೈಲಿ ಎಂದರೆ ಗಂಟೆಗೆ 32 ಕಿ.ಮೀ. ಎಂಬುದು ನೆನಪಿರಲಿ. ರೀನೊ ನಗರದ ಸರ್ಕಾರಿ ಹವಾಮಾನ ಕಚೇರಿ 'ಲೇಕ್ ವಿಂಡ್ ಅಡ್ವೈಸರಿ' ಹೊರಡಿಸಿದ್ದರೆ ಅಂದು ಸಣ್ಣ ದೋಣಿಗಳ ಯೋಚನೆಯನ್ನೇ ಬಿಡಿ. ಗುಡುಗು ಕೇಳಿದರೆ ನೀರಿನಿಂದ ಎದ್ದು ಕಾರಿನೊಳಗೆ ಕುಳಿತುಕೊಳ್ಳಿ, ಪೈನ್ ಮರದ ಕೆಳಗಲ್ಲ. ಸಿಡಿಲಿಗೆ ನಮ್ಮ ಹೊಲದ ಬೇವಿನ ಮರವೂ ಒಂದೇ, ಅಲ್ಲಿನ ಪೈನ್ ಮರವೂ ಒಂದೇ.

ಸೆಪ್ಟೆಂಬರ್ ಮೊದಲ ವಾರ ಕಳೆದ ಮೇಲೆ ಜನಸಂದಣಿ ಇಳಿಯುತ್ತದೆ, ನೀರು ಇನ್ನೂ ಅಷ್ಟು ತಣ್ಣಗಾಗಿರುವುದಿಲ್ಲ. ಆದರೆ ಅದು ಕಾಳ್ಗಿಚ್ಚಿನ ಕಾಲವೂ ಹೌದು. 2021ರ ಆಗಸ್ಟ್ ಕೊನೆಯಲ್ಲಿ ಕಾಲ್ಡರ್ ಕಾಳ್ಗಿಚ್ಚಿನಿಂದಾಗಿ ಸೌತ್ ಲೇಕ್ ಟಾಹೋ ಊರನ್ನೇ ತೆರವುಗೊಳಿಸಬೇಕಾಯಿತು. ಆದ್ದರಿಂದ ಹೊರಡುವ ಹಿಂದಿನ ಸಂಜೆ ಗಾಳಿಯ ಜೊತೆಗೆ ಹೊಗೆಯ ಸೂಚನೆಯನ್ನೂ ನೋಡಿ, ವಸತಿಯನ್ನು ರದ್ದು ಮಾಡಲು ಬರುವಂತೆಯೇ ಕಾಯ್ದಿರಿಸಿ.